ಊರಿನ ಮಕ್ಕಳನ್ನು ಕಾಲೇಜಿಗೆ ಕಳಿಸಲು ಊರಿನದೇ ನಿಧಿ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಗುಡಿಬಂಡೆ ಕಡೆಯ ಹಳ್ಳಿಗಳಲ್ಲಿ ನಾವು ಕೆಲವರು ಸೇರಿ ಈ ಕೆಲಸ ಮಾಡುತ್ತಿದ್ದೇವೆ. ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿದ ಮಕ್ಕಳು ದುಡ್ಡಿಲ್ಲ ಅನ್ನೋ ಕಾರಣಕ್ಕೆ ಮನೆಯಲ್ಲಿ ಉಳಿಯಬಾರದು, ಅಷ್ಟೇ. ನಮ್ಮಲ್ಲಿ ಮೇಷ್ಟ್ರುಗಳಿದ್ದಾರೆ, ಡೈರಿ ನಡೆಸುವವರಿದ್ದಾರೆ, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹಳೇ ವಿದ್ಯಾರ್ಥಿಗಳಿದ್ದಾರೆ. ಮೇ ತಿಂಗಳು ಬಂತೆಂದರೆ ಎಲ್ಲರ ಫೋನಿಗೂ ಅವೇ ಪ್ರಶ್ನೆಗಳು ಬರುತ್ತವೆ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇವೆ. ನಿಮ್ಮ ಊರಲ್ಲೂ ಇಂಥದ್ದೊಂದು ಶುರು ಮಾಡಬೇಕು ಅಂತಿದ್ದರೆ ಧಾರಾಳವಾಗಿ ಬಳಸಿಕೊಳ್ಳಿ.

ಮಗುವಿನ ಪೂರ್ತಿ ಫೀಸು ನೀವೇ ಕಟ್ಟುತ್ತೀರಾ?

ಸಾಮಾನ್ಯವಾಗಿ ಇಲ್ಲ. ಅದು ಬೇಕಾಗುವುದೂ ಕಡಿಮೆ. ನಮ್ಮ ಕಡೆ ಕಾಲೇಜು ತಪ್ಪುವುದು ಲಕ್ಷಗಟ್ಟಲೆ ದುಡ್ಡಿಗಾಗಿ ಅಲ್ಲ. ಸೇರುವ ವಾರದಲ್ಲಿ ಬೇಕಾದ ನಾಲ್ಕೈದು ಸಾವಿರಕ್ಕೆ ತಪ್ಪುತ್ತದೆ. ಪ್ರವೇಶ ಶುಲ್ಕ, ಹಾಸ್ಟೆಲ್ ಸಿಗುವವರೆಗಿನ ರೂಮಿನ ಬಾಡಿಗೆ, ಪುಸ್ತಕ, ಎರಡು ಜೊತೆ ಬಟ್ಟೆ, ಪಾಲಿಟೆಕ್ನಿಕ್ ಆದರೆ ಡ್ರಾಯಿಂಗ್ ಸಾಮಾನು. ಇವೆಲ್ಲ ಒಟ್ಟಿಗೆ ಬಂದು ಕೂರುತ್ತವೆ. ಆ ಹೊತ್ತಿಗೆ ಮನೆಯಲ್ಲಿ ಬಿತ್ತನೆ ಖರ್ಚೂ ಇರುತ್ತದೆ. ಆ ಒಂದು ವಾರ ದಾಟಿಸುವುದು ನಮ್ಮ ನಿಧಿಯ ಮುಖ್ಯ ಕೆಲಸ.

ಸರ್ಕಾರ ವಿದ್ಯಾರ್ಥಿವೇತನ ಕೊಡುತ್ತಲ್ಲ? ಮತ್ತೆ ಊರಿನವರು ಯಾಕೆ ಕೊಡಬೇಕು?

ಕೊಡುತ್ತದೆ. ಮೊದಲು ಅದನ್ನೇ ಪಡೆಯಬೇಕು. ಸರ್ಕಾರದಿಂದ ಬರಬೇಕಾದ ದುಡ್ಡು ಬಿಟ್ಟು ಊರಿನವರ ಜೇಬಿಗೆ ಕೈ ಹಾಕಿಸುವುದು ನಮಗೆ ಸರಿ ಕಾಣುವುದಿಲ್ಲ. ಹಾಗಾಗಿ ಯಾರೇ ಬಂದರೂ ನಮ್ಮ ಮೊದಲ ಪ್ರಶ್ನೆ: ‘ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದೀಯಾ?’ ಎಸ್‌ಎಸ್‌ಪಿ ಅಂದರೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ಇಲಾಖೆಗಳ ಮೆಟ್ರಿಕ್ ನಂತರದ ವೇತನಕ್ಕೆಲ್ಲ ಅಲ್ಲೇ ಅರ್ಜಿ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಕೇಂದ್ರದ ಯೋಜನೆಯಲ್ಲಿ ಕುಟುಂಬದ ವರಮಾನದ ಮಿತಿ ವರ್ಷಕ್ಕೆ 2.5 ಲಕ್ಷ ರೂಪಾಯಿ. ಹಿಂದುಳಿದ ವರ್ಗದ, ಸರ್ಕಾರಿ ಹಾಸ್ಟೆಲ್ ಸಿಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳಿಗಿಷ್ಟು ಅಂತ 10 ತಿಂಗಳು ದುಡ್ಡು ಸಿಗುತ್ತದೆ.

ತೊಂದರೆ ಇರುವುದು ತಿಂಗಳ ಲೆಕ್ಕದಲ್ಲಿ. ಫೀಸು ಕಟ್ಟಬೇಕಾದ್ದು ಸೇರುವಾಗ. ಅರ್ಜಿ ಕರೆಯುವುದು ತರಗತಿ ಶುರುವಾದ ಮೇಲೆ. ದುಡ್ಡು ಖಾತೆಗೆ ಬೀಳುವುದು ಇನ್ನೂ ತಡ, ಕೆಲವೊಮ್ಮೆ ಮುಂದಿನ ವರ್ಷದ ತರಗತಿಯೇ ಶುರುವಾಗಿರುತ್ತದೆ. ಈ ನಡುವಿನ ತಿಂಗಳುಗಳನ್ನು ಶ್ರೀಮಂತರ ಮನೆಯಲ್ಲಿ ಅಪ್ಪನ ಸಂಬಳ ತುಂಬುತ್ತದೆ. ಕೂಲಿಯವರ ಮನೆಯಲ್ಲಿ ಅದನ್ನು ತುಂಬುವುದು ಬಡ್ಡಿ ಸಾಲ. ವಾರದ ಕಂತಿನ ಸಾಲ ತಂದು ಫೀಸು ಕಟ್ಟಿದರೆ, ವಿದ್ಯಾರ್ಥಿವೇತನ ಬರುವ ಹೊತ್ತಿಗೆ ಅದರಲ್ಲೊಂದು ಪಾಲು ಬಡ್ಡಿಗೇ ಹೋಗಿರುತ್ತದೆ. ಊರಿನ ನಿಧಿ ಬೇಕಾಗಿರುವುದು ಇಲ್ಲಿ.

ಅರ್ಜಿ ಹಾಕಿ ವರ್ಷವಾಯಿತು, ಒಂದು ರೂಪಾಯಿ ಬಂದಿಲ್ಲ. ಯಾಕೆ?

ಬಹಳ ಸಲ ಕಾರಣ ಬ್ಯಾಂಕ್ ಖಾತೆ. ‘ಆಧಾರ್ ಲಿಂಕ್ ಆಗಿದೆ’ ಅಂತ ಬ್ಯಾಂಕಿನವರು ಹೇಳಿರುತ್ತಾರೆ, ನಿಜವೂ ಇರಬಹುದು. ಆದರೆ ಸರ್ಕಾರದ ದುಡ್ಡು ಬರಬೇಕಾದರೆ ಖಾತೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆ) ಪಟ್ಟಿಗೂ ಸೇರಿರಬೇಕು, ಇದಕ್ಕೆ ‘ಸೀಡಿಂಗ್’ ಅನ್ನುತ್ತಾರೆ. ಬ್ಯಾಂಕಿನ ಕೆವೈಸಿಗೆ ಆಧಾರ್ ಜೋಡಿಸುವುದು ಒಂದು ಕೆಲಸ, ಇದು ಬೇರೆಯದೇ ಕೆಲಸ. ಒಂದು ಆಧಾರಿಗೆ ಒಂದೇ ಖಾತೆ ಆ ಪಟ್ಟಿಯಲ್ಲಿರುತ್ತದೆ. ಯಾವುದನ್ನು ಕೊನೆಗೆ ಸೇರಿಸಿದ್ದೀರೋ ಅದಕ್ಕೇ ದುಡ್ಡು ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಗೆ ದುಡ್ಡು ಬಂದು ಕೂತಿರುವುದೂ ಉಂಟು! ಆಧಾರ್ ವೆಬ್‌ಸೈಟಿನಲ್ಲಿ ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡಿದರೆ ಯಾವ ಬ್ಯಾಂಕು ಅಂತ ಗೊತ್ತಾಗುತ್ತದೆ. ಗೊಂದಲ ಜಾಸ್ತಿ ಇದ್ದರೆ ಪೋಸ್ಟಾಫೀಸಿನಲ್ಲಿ ಅಂಚೆ ಪಾವತಿ ಬ್ಯಾಂಕಿನ ಖಾತೆ ತೆರೆಸಿ, ಅಲ್ಲೇ ಸೀಡಿಂಗ್ ಮಾಡಿಸಿ.

ಎರಡನೆಯ ಕಾರಣ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಜಾತಿ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ನಮ್ಮ ಕಡೆ ಇನ್ನೊಂದು ತಾಪತ್ರಯ. ಮನೆಯಲ್ಲಿ ತೆಲುಗಿನ ಹೆಸರು. ಅದನ್ನು ಒಬ್ಬರು ಒಂದು ಥರ ಬರೆದುಕೊಳ್ಳುತ್ತಾರೆ, ಇನ್ನೊಬ್ಬರು ಇನ್ನೊಂದು ಥರ. ಕಂಪ್ಯೂಟರಿಗೆ ಎರಡೂ ಬೇರೆ ಬೇರೆ ಹುಡುಗಿಯರು.

ಮೂರನೆಯದು, ಅರ್ಜಿ ಅರ್ಧಕ್ಕೆ ನಿಂತಿರುತ್ತದೆ. ದಾಖಲೆಗಳಿಗೆ ಇ-ದೃಢೀಕರಣ (ಅಧಿಕಾರಿ ಆನ್‌ಲೈನಿನಲ್ಲಿ ದೃಢೀಕರಿಸುವುದು) ಆಗಿರುವುದಿಲ್ಲ, ಇಲ್ಲವೇ ಕಾಲೇಜಿನವರು ವಿದ್ಯಾರ್ಥಿಯ ವಿವರ ಸೇರಿಸಿರುವುದಿಲ್ಲ. ಸೈಬರ್ ಸೆಂಟರಿನವನು ‘ಆಯ್ತು ಹೋಗಿ’ ಅಂದ ಅಂತ ನಂಬಿಕೊಂಡು ಬರಬೇಡಿ. ಅರ್ಜಿಯ ಸಂಖ್ಯೆ ಬರೆದುಕೊಳ್ಳಿ, ತಿಂಗಳಿಗೊಮ್ಮೆ ಸ್ಥಿತಿ ನೋಡಿ. ನಮ್ಮಲ್ಲಿ ಪದವಿ ಓದುವ ಅಕ್ಕಂದಿರು, ಅಣ್ಣಂದಿರು ಭಾನುವಾರ ಪಂಚಾಯ್ತಿ ಲೈಬ್ರರಿಯಲ್ಲಿ ಕೂತು ಇದನ್ನು ನೋಡಿಕೊಡುತ್ತಾರೆ. ನಿಧಿಯಲ್ಲಿ ಒಂದು ಪೈಸೆ ಇಲ್ಲದ ಊರಿನವರೂ ಈ ಕೆಲಸ ನಾಳೆಯೇ ಶುರು ಮಾಡಬಹುದು. ದುಡ್ಡು ಕೊಡುವುದಕ್ಕಿಂತ ಇದೇ ದೊಡ್ಡ ಸಹಾಯ ಅಂತ ನಮಗೆ ಎಷ್ಟೋ ಸಲ ಅನ್ನಿಸಿದೆ.

ಕಾಗದ ಪತ್ರ ಯಾವಾಗ ಮಾಡಿಸಬೇಕು?

ಪರೀಕ್ಷೆಗೆ ಮುಂಚೆ. ಜನವರಿಯಲ್ಲಿ ನಾಡಕಚೇರಿ ಖಾಲಿ ಇರುತ್ತದೆ, ಜೂನಿನಲ್ಲಿ ಜಾತ್ರೆ. ಜಾತಿ ಮತ್ತು ವರಮಾನ ಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆ ಇರುತ್ತದೆ, ಎಲ್ಲ ಅರ್ಜಿಗೂ ಅದು ಬೇಕು. ಹಳೆಯ ಪತ್ರ ಇದ್ದರೆ ಅವಧಿ ಮುಗಿದಿದೆಯಾ ನೋಡಿ. 1ನೇ ತರಗತಿಯಿಂದ ಓದಿದ ಶಾಲೆಗಳ ಸ್ಟಡಿ ಸರ್ಟಿಫಿಕೇಟ್ ಕೂಡ ಈಗಲೇ ತೆಗೆದಿಡಿ. ಅದರ ಉಪಯೋಗ ಸಿಇಟಿ (ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆ) ಹೊತ್ತಿಗೆ ಗೊತ್ತಾಗುತ್ತದೆ.

ಎಷ್ಟು ಮಾರ್ಕ್ಸ್ ಬಂದಿರಬೇಕು?

ಪಾಸಾಗಿದ್ದರೆ ಸಾಕು. 95 ಬಂದ ಮಗುವಿಗೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಕಾಲೇಜಿನವರೇ ಮನೆ ಬಾಗಿಲಿಗೆ ಬರುತ್ತಾರೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ವಿದ್ಯಾಧನ್‌ನಂಥ ಖಾಸಗಿ ವಿದ್ಯಾರ್ಥಿವೇತನಗಳೂ ಇವೆ. ಹೂವಿನ ತೋಟದಲ್ಲಿ ಬೆಳಗಿನ ಜಾವ ಸೇವಂತಿಗೆ ಬಿಡಿಸಿ, ಆಮೇಲೆ ಶಾಲೆಗೆ ಹೋಗಿ 58 ತೆಗೆದ ಹುಡುಗಿಯನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ನಾವು ಹುಡುಕುವುದು ಅವಳನ್ನು. ಮನೆಯ ಸ್ಥಿತಿ, ಓದುವ ಮನಸ್ಸು, ಆ ಮನೆಯಿಂದ ಇದೇ ಮೊದಲ ಕಾಲೇಜು ಮಗುವಾ ಅನ್ನುವುದನ್ನು ನೋಡುತ್ತೇವೆ.

ನಮ್ಮ ಕಾಲದಲ್ಲಿ ಯಾರೂ ಕೊಡಲಿಲ್ಲ, ನಾವು ಓದಲಿಲ್ವಾ?

ಊರಿನ ಹಿರಿಯರು ತಪ್ಪದೆ ಕೇಳುವ ಪ್ರಶ್ನೆ ಇದು. ಸರಿ, ನಮ್ಮ ಜಿಲ್ಲೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿಕೊಟ್ಟು ಸಂಪಾದಿಸಿಕೊಂಡು ಓದಿದರು. ಪುಣೆಗೆ ಎಂಜಿನಿಯರಿಂಗ್ ಓದಲು ಹೋಗಿದ್ದು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಬೆಂಗಳೂರಿಗೆ ನಡೆದುಕೊಂಡೇ ಹೋಗಿ ಶಾಲೆ ಸೇರಿದರು, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ‘ನಾನು ನಡೆದೆ, ಇವರೂ ನಡೆಯಲಿ’ ಅಂತ ಅವರು ಸುಮ್ಮನೆ ಕೂರಲಿಲ್ಲ. ಗೌರಿಬಿದನೂರಿನಲ್ಲೂ ಬಾಗೇಪಲ್ಲಿಯಲ್ಲೂ ನ್ಯಾಷನಲ್ ಕಾಲೇಜು ಆಗುವ ಹಾಗೆ ನೋಡಿಕೊಂಡರು. ಪಕ್ಕದ ತುಮಕೂರಿನ ಕಡೆ ನೋಡಿದರೆ ಗುಬ್ಬಿ ತೋಟದಪ್ಪನವರು ಬೆಂಗಳೂರಿನಲ್ಲಿ ಛತ್ರ, ವಿದ್ಯಾರ್ಥಿ ನಿಲಯ ಕಟ್ಟಿಸಿದರು. ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಂಡು ಓದುತ್ತಿದ್ದಾರೆ. ವಾರಾನ್ನ ಉಂಡು ಓದಿದ ಎಷ್ಟು ಜನರ ಕಥೆ ನಿಮಗೇ ಗೊತ್ತಿಲ್ಲ? ಅಂದರೆ ಆಗಲೂ ಕೊಡುವವರು ಇದ್ದರು.

ಮನೆಯಲ್ಲಿ ಯಾರೂ ಓದಿಲ್ಲ. ಯಾವ ಕೋರ್ಸು ಅಂತ ಹೇಗೆ ತಿಳಿಯುವುದು?

ಎಲ್ಲರಿಗೂ ಎಂಜಿನಿಯರಿಂಗ್ ಬೇಕಿಲ್ಲ, ಬೇಕಾದವರಿಗೂ ಒಂದೇ ದಾರಿ ಇಲ್ಲ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ 3 ವರ್ಷದ ಡಿಪ್ಲೊಮಾ ಮಾಡಿ, ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದರೆ ನೇರವಾಗಿ ಬಿಇ 2ನೇ ವರ್ಷಕ್ಕೆ ಹೋಗಬಹುದು. ನಡುವೆ ಕೆಲಸ ಸಿಕ್ಕರೆ ಕೆಲಸಕ್ಕೂ ಹೋಗಬಹುದು. ದುಡ್ಡಿನ ಕಷ್ಟ ಇರುವ ಮನೆಗೆ ಇದು ಒಳ್ಳೆ ದಾರಿ ಅನ್ನುವುದು ನಮ್ಮ ಅಭಿಪ್ರಾಯ. ದುಬಾರಿ ಖಾಸಗಿ ಪಿಯು ಕಾಲೇಜಿಗೆ ಸೇರಿಸಿ ಎರಡೇ ವರ್ಷದಲ್ಲಿ ಜಮೀನು ಅಡವಿಟ್ಟವರನ್ನು ನೋಡಿದ್ದೇವೆ. ಸರ್ಕಾರಿ ಪದವಿ ಕಾಲೇಜಿನಲ್ಲಿ ಬಿಎ, ಬಿಕಾಂ ಓದುವುದು ಕೀಳೂ ಅಲ್ಲ.

ಸಿಇಟಿಯಲ್ಲಿ ಹಳ್ಳಿ ಮಕ್ಕಳಿಗೆ ಏನಾದರೂ ಅನುಕೂಲ ಇದೆಯಾ?

ಇದೆ, ಆದರೆ ಅರ್ಜಿಯಲ್ಲೇ ಕೇಳಿರಬೇಕು. 1ರಿಂದ 10ನೇ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ 15%, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5% ಮೀಸಲಾತಿ. ಮೇಲೆ ಹೇಳಿದ ಸ್ಟಡಿ ಸರ್ಟಿಫಿಕೇಟ್ ಬೇಕಾಗುವುದು ಇದಕ್ಕೇ. ಎಂಜಿನಿಯರಿಂಗ್‌ನಲ್ಲಿ ಎಸ್‌ಎನ್‌ಕ್ಯೂ (ಸೂಪರ್‌ನ್ಯೂಮರರಿ ಕೋಟಾ) ಅಂತ ಇನ್ನೊಂದಿದೆ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ, ಆ ಸೀಟುಗಳಲ್ಲಿ ಬೋಧನಾ ಶುಲ್ಕ ಮನ್ನಾ. ಕಾಲೇಜಿನ ಸೀಟುಗಳ ಮೇಲೆ 5% ಹೆಚ್ಚುವರಿಯಾಗಿ ಇವನ್ನು ಕೊಡುತ್ತಾರೆ. ಬೇರೆ ಶುಲ್ಕಗಳು ಇದ್ದೇ ಇರುತ್ತವೆ.

ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜುಗಳನ್ನು ಸಾಲಾಗಿ ತುಂಬುವ ಕೆಲಸ, ಮಾಡುವಾಗ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಇಷ್ಟದ ಕಾಲೇಜು ಮೇಲೆ, ಆಮೇಲೆ ಉಳಿದದ್ದು. ‘ಸಿಗಲ್ಲ’ ಅಂದುಕೊಂಡು ಒಳ್ಳೆ ಕಾಲೇಜನ್ನು ಕೆಳಗೆ ಹಾಕಬೇಡಿ. ಪಾಸ್‌ವರ್ಡ್, ಓಟಿಪಿ ಯಾರಿಗೂ ಕೊಡಬೇಡಿ. ‘ಸೀಟು ಕೊಡಿಸ್ತೀನಿ, ಅಡ್ವಾನ್ಸ್ ಕೊಡಿ’ ಅಂತ ಫೋನ್ ಬಂದರೆ ಇಟ್ಟುಬಿಡಿ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಮಗು ತಡೆದುಕೊಳ್ಳುತ್ತಾ?

ಮೊದಲ ಆರು ತಿಂಗಳು ಕಷ್ಟ. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ ಕಡೆಯ ಮಕ್ಕಳ ದೊಡ್ಡ ಭಯ ಇದೇ. ಕೆಲವರು ದುಡ್ಡಿಗಲ್ಲ, ಈ ಭಯಕ್ಕೆ ವಾಪಸ್ ಬಂದುಬಿಡುತ್ತಾರೆ. ಮನೆಯವರಿಗೆ ‘ಊಟ ಸರಿ ಇಲ್ಲ’ ಅಂತ ಹೇಳುತ್ತಾರೆ, ಅಷ್ಟೇ. ಅದಕ್ಕೇ ನಾವು ಫಲಿತಾಂಶ ಬಂದ ಮೇಲೆ ಕಾಲೇಜು ಶುರುವಾಗುವವರೆಗಿನ ಬಿಡುವಿನಲ್ಲಿ ಮಕ್ಕಳನ್ನು ಕೂರಿಸಿ, ಅವರು ಕನ್ನಡದಲ್ಲಿ ಓದಿದ ಗಣಿತ, ವಿಜ್ಞಾನದ ಪದಗಳನ್ನೇ ಇಂಗ್ಲಿಷಿನಲ್ಲಿ ಹೇಳಿಕೊಡುತ್ತೇವೆ. ಆಮ್ಲ, ವೇಗೋತ್ಕರ್ಷ, ಸಮೀಕರಣ ಇವೆಲ್ಲ ಅವರಿಗೆ ಗೊತ್ತಿದೆ, ಗೊತ್ತಿಲ್ಲದ್ದು ಹೊಸ ಹೆಸರು ಮಾತ್ರ. ಜೊತೆಗೆ ಅದೇ ಕಾಲೇಜಿನಲ್ಲಿರುವ ನಮ್ಮೂರಿನ ಸೀನಿಯರ್ ಒಬ್ಬರ ನಂಬರ್ ಕೊಟ್ಟು ಕಳಿಸುತ್ತೇವೆ. ‘ಅಕ್ಕಾ, ಲ್ಯಾಬ್ ರೆಕಾರ್ಡ್ ಅಂದರೆ ಏನು?’ ಅಂತ ನಾಚಿಕೆ ಇಲ್ಲದೆ ಕೇಳಲು ಒಬ್ಬರು ಬೇಕು, ಅಲ್ವಾ?

ಹೆಣ್ಣುಮಗಳನ್ನು ಅಷ್ಟು ದೂರ ಹೇಗೆ ಕಳಿಸೋದು?

ಖರ್ಚಿನ ಮಾತಾದರೆ ದಾರಿಗಳಿವೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ಗೌರಿಬಿದನೂರು, ಚಿಕ್ಕಬಳ್ಳಾಪುರದಿಂದ ರೈಲಿನಲ್ಲಿ ಓಡಾಡುವವರಿಗೆ ಇನ್ನೊಂದು ವಿಷಯ: ರೈಲ್ವೆಯವರು ಪದವಿ ಮುಗಿಯುವವರೆಗೆ ಹುಡುಗಿಯರಿಗೆ, 12ನೇ ತರಗತಿಯವರೆಗೆ ಹುಡುಗರಿಗೆ ಮನೆಯಿಂದ ಕಾಲೇಜಿಗೆ ಎರಡನೇ ದರ್ಜೆಯ ತಿಂಗಳ ಪಾಸನ್ನು ಉಚಿತವಾಗಿ ಕೊಡುತ್ತಾರೆ. ಕಾಲೇಜಿನ ಪತ್ರ ಬೇಕು. ಸರ್ಕಾರಿ ಶಾಲೆ, ಕಾಲೇಜಿನಲ್ಲಿ 10 ಮತ್ತು 12 ಓದಿ ಪದವಿ ಅಥವಾ ಡಿಪ್ಲೊಮಾ ಸೇರಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ. ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲಿಗೂ ಅರ್ಜಿ ಹಾಕಿ.

ಭಯದ ಮಾತಾದರೆ, ಅದು ಬರಹದಿಂದ ಹೋಗುವುದಿಲ್ಲ. ನಮ್ಮಲ್ಲಿರುವ ಹೆಂಗಸರು ಮನೆಗೆ ಬಂದು ಮಾತಾಡುತ್ತಾರೆ, ಬೇಕಾದರೆ ತಾಯಿಯನ್ನೂ ಕರೆದುಕೊಂಡು ಹಾಸ್ಟೆಲ್ ನೋಡಿ ಬರುತ್ತಾರೆ. ಅಪ್ಪಂದಿರಿಗಿಂತ ಅಮ್ಮಂದಿರು ಬೇಗ ಒಪ್ಪುತ್ತಾರೆ. ಮದುವೆ ಮಾತು ನಡೀತಿದೆ ಅಂದರೆ ಫೀಸಿಗಿಂತ ಮೊದಲು ಆ ಮಾತು ಆಡೋಣ, ತಡ ಮಾಡದೆ ಹೇಳಿ.

ನಿಧಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಊರಿನಿಂದಲೇ. ದೊಡ್ಡ ದಾನಿಯನ್ನು ಕಾಯುತ್ತಾ ಕೂತ ಊರುಗಳಲ್ಲಿ ಈ ಕೆಲಸ ಶುರುವಾಗುವುದೇ ಇಲ್ಲ. ಲೆಕ್ಕ ಹಾಕಿ ನೋಡಿ: 200 ಮನೆ, ತಿಂಗಳಿಗೆ ಮನೆಗೆ 50 ರೂಪಾಯಿ, ವರ್ಷಕ್ಕೆ 1,20,000. ಒಬ್ಬರಿಗೆ ಸೇರುವ ವಾರಕ್ಕೆ 5,000 ಅಂದರೆ 24 ಮಕ್ಕಳು. ಮದುವೆ ಮನೆಯಲ್ಲಿ ಮುಯ್ಯಿ ಬರೆಸುವ ಹಾಗೆ ಒಂದು ಪುಸ್ತಕ ಇಟ್ಟಿದ್ದೇವೆ. ಹೆಸರು, ಮೊತ್ತ, ತಾರೀಖು. ಇವತ್ತು ನನ್ನ ಮನೆಗೆ, ನಾಳೆ ನಿನ್ನ ಮನೆಗೆ ಅನ್ನುವ ಲೆಕ್ಕ ನಮ್ಮ ಜನಕ್ಕೆ ಹೊಸದಲ್ಲ.

ಯಾವಾಗ ಕೇಳಬೇಕು ಅನ್ನುವುದು ಮುಖ್ಯ. ಜೂನಿನಲ್ಲಿ ರೈತರ ಹತ್ತಿರ ದುಡ್ಡು ಇರುವುದಿಲ್ಲ. ರಾಗಿ ಒಕ್ಕಣೆ ಆದ ಮೇಲೆ, ಸಂಕ್ರಾಂತಿ ಹೊತ್ತಿಗೆ ಕೇಳಿ. ರೇಷ್ಮೆ ಬೆಳೆಯುವವರನ್ನು ಶಿಡ್ಲಘಟ್ಟದ ಮಾರ್ಕೆಟಿನಲ್ಲಿ ಗೂಡು ಮಾರಿ ಬಂದ ವಾರ ಕೇಳಿ. ದ್ರಾಕ್ಷಿಯವರಿಗೆ ಬೇಸಿಗೆ. ಟೊಮೆಟೊ ಬೆಳೆಯುವವರನ್ನು ಮಾತ್ರ ರೇಟು ನೋಡಿಕೊಂಡು ಕೇಳಿ, ಪಾಪ. ಹಾಲು ಹಾಕುವವರು ‘ಬಟವಾಡೆಯಲ್ಲಿ ಇಷ್ಟು ಹಿಡ್ಕೊಳ್ಳಿ’ ಅಂತ ಡೈರಿಯಲ್ಲಿ ಬರೆದುಕೊಟ್ಟರೆ ತಿಂಗಳು ತಿಂಗಳೂ ಕೇಳುವ ಕೆಲಸ ಉಳಿಯುತ್ತದೆ. ಬೆಂಗಳೂರಿನಲ್ಲಿರುವ ಹಳೇ ವಿದ್ಯಾರ್ಥಿಗಳು ಊರಹಬ್ಬಕ್ಕೆ ಬರುತ್ತಾರಲ್ಲ, ಆಗ ಹಿಡಿಯಿರಿ!

ಇನ್ನು ಪ್ರತಿಭಾ ಪುರಸ್ಕಾರದ ವಿಷಯ. ಬೇಜಾರಾಗಬೇಡಿ. ಶಾಮಿಯಾನ, ಮೈಕು, ಫ್ಲೆಕ್ಸು, ಶಾಲು, ಹಾರ, ನೆನಪಿನ ಕಾಣಿಕೆ, ಮಧ್ಯಾಹ್ನದ ಊಟ. ಇದೆಲ್ಲ ಮುಗಿದ ಮೇಲೆ ಮಗುವಿನ ಕೈಗೆ 500 ರೂಪಾಯಿಯ ಕವರ್. ಆ ಶಾಲು ಹಾರದ ದುಡ್ಡನ್ನು ನಿಧಿಗೆ ಕೊಡಿ, ವೇದಿಕೆ ಮೇಲೆ ನಿಮ್ಮ ಹೆಸರನ್ನು ಎರಡು ಸಲ ಹೇಳುತ್ತೇವೆ.

ದಾನ ಕೊಟ್ಟರೆ ತೆರಿಗೆ ವಿನಾಯಿತಿ ಸಿಗುತ್ತಾ?

ನಿಧಿ ಟ್ರಸ್ಟ್ ಅಥವಾ ಸಂಘವಾಗಿ ನೋಂದಣಿಯಾಗಿ, ಆದಾಯ ತೆರಿಗೆ ಇಲಾಖೆಯಿಂದ 80ಜಿ (ದಾನಕ್ಕೆ ತೆರಿಗೆ ಕಡಿತ ಕೊಡುವ) ಅನುಮೋದನೆ ಪಡೆದಿದ್ದರೆ ಮಾತ್ರ. ಆಗ ಕೊಟ್ಟ ಮೊತ್ತದ 50% ಕಡಿತಕ್ಕೆ ಸಿಗುತ್ತದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ. 2,000 ರೂಪಾಯಿ ಮೀರಿದ ನಗದಿಗೆ ಇಲ್ಲ. ಸಂಘ ನೋಂದಾಯಿಸಲು ಕನಿಷ್ಠ 7 ಜನ ಬೇಕು. ಚಿಕ್ಕ ಊರಿನ ನಿಧಿ ಮೊದಲ ದಿನವೇ ಇದಕ್ಕೆಲ್ಲ ಓಡಾಡಬೇಕಿಲ್ಲ ಅನ್ನಿಸುತ್ತದೆ. ಆದರೆ ಒಬ್ಬರ ಸ್ವಂತ ಖಾತೆಯಲ್ಲಿ ದುಡ್ಡು ಇಡುವುದು ಮಾತ್ರ ಬೇಡ.

ಅಮೆರಿಕದಲ್ಲಿರುವ ನಮ್ಮೂರ ಹುಡುಗ ಕಳಿಸಬಹುದಾ?

ಅವನ ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೆ ಅವನ ದುಡ್ಡು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲಿನ ಪೌರನಾಗಿದ್ದರೆ, ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದ ಸಂಘ ಅದನ್ನು ಮುಟ್ಟಬಾರದು. ಪ್ರೀತಿಯಿಂದ ಕಳಿಸಿದ್ದು ಅಂದರೂ ಕಾನೂನು ಕೇಳುವುದಿಲ್ಲ.

ಲೆಕ್ಕ ಯಾರು ನೋಡುತ್ತಾರೆ? ತಮ್ಮವರಿಗೇ ಕೊಟ್ಟುಕೊಂಡರೆ?

ಕೇಳಲೇಬೇಕಾದ ಪ್ರಶ್ನೆ. ಸಮಿತಿಯಲ್ಲಿ ಕಾಲೋನಿಯವರೂ ಸೇರಿದಂತೆ ಊರಿನ ಎಲ್ಲ ಬೀದಿಯವರೂ ಇರಬೇಕು, ಹೆಂಗಸರು ಇರಬೇಕು, ಇದು ನಮ್ಮ ಕಟ್ಟುನಿಟ್ಟು. ಒಂದೇ ಜಾತಿಯವರು ಕೂತು ಹಂಚಿದ ದುಡ್ಡಿನ ಮೇಲೆ ಉಳಿದವರಿಗೆ ನಂಬಿಕೆ ಬರುವುದಿಲ್ಲ, ಬರಬೇಕು ಅಂತ ಕೇಳುವುದೂ ತಪ್ಪು. ಸಂಬಂಧಿಕರ ಅರ್ಜಿ ಬಂದಾಗ ಆ ಸದಸ್ಯರು ಎದ್ದು ಹೊರಗೆ ಹೋಗುತ್ತಾರೆ. ಬ್ಯಾಂಕಿನಲ್ಲಿ ಇಬ್ಬರ ಸಹಿ. ಬಂದದ್ದು, ಹೋದದ್ದು ಮೂರು ತಿಂಗಳಿಗೊಮ್ಮೆ ಡೈರಿಯ ಗೋಡೆ ಮೇಲೆ ಅಂಟಿಸುತ್ತೇವೆ, ಎಲ್ಲರೂ ಬೆಳಿಗ್ಗೆ ಸಂಜೆ ಹೋಗುವ ಜಾಗ ಅದೇ ತಾನೇ. ಆ ಹಾಳೆಯಲ್ಲಿ ಕೊಟ್ಟವರ ಹೆಸರು ಇರುತ್ತದೆ, ಪಡೆದ ಮಕ್ಕಳ ಹೆಸರು ಇರುವುದಿಲ್ಲ. ಅದನ್ನು ನೋಡಬೇಕಾದವರು ಸಮಿತಿಯ ಪುಸ್ತಕ ಕೇಳಬಹುದು.

ಚೆಕ್ ಕೊಡುವ ಫೋಟೋ ಯಾಕೆ ಹಾಕಲ್ಲ?

ಆ ಮಗು ಮಾರನೇ ದಿನ ಅದೇ ಊರಿನಲ್ಲಿ ಓಡಾಡಬೇಕು.

ಕೆಲಸ ಸಿಕ್ಕ ಮೇಲೆ ದುಡ್ಡು ವಾಪಸ್ ಕೊಡಬೇಕಾ?

ಬೇಡ. ಬಾಂಡ್, ಮುಚ್ಚಳಿಕೆ ಏನೂ ಬರೆಸಿಕೊಳ್ಳುವುದಿಲ್ಲ. ಫೀಸನ್ನು ಕಾಲೇಜಿಗೇ ನೇರವಾಗಿ ಕಟ್ಟಿ ರಸೀದಿ ಇಟ್ಟುಕೊಳ್ಳುತ್ತೇವೆ, ಊಟ, ಓಡಾಟದ ದುಡ್ಡು ಮಗುವಿನ ಖಾತೆಗೆ. ನಾವು ಕೇಳುವುದು ಒಂದೇ: ವರ್ಷಕ್ಕೆ ಕೆಲವು ಭಾನುವಾರ ಬಂದು ಚಿಕ್ಕವರಿಗೆ ಅರ್ಜಿ ತುಂಬಿಕೊಡಿ. ಬರದಿದ್ದರೂ ಬೈಯುವುದಿಲ್ಲ. ಒಂದು ವಿಷಯದಲ್ಲಿ ಫೇಲಾದರು ಅಂತ ಕೈಬಿಡುವುದೂ ಇಲ್ಲ. ಇಂಗ್ಲಿಷಿನ ಹೊಡೆತಕ್ಕೆ ಮೊದಲ ವರ್ಷ ಒಂದೆರಡು ವಿಷಯ ಉಳಿಯುವುದು ಸಾಮಾನ್ಯ.

ಬ್ಯಾಂಕಿನ ಶಿಕ್ಷಣ ಸಾಲ ತೆಗೆದುಕೊಳ್ಳಬಹುದಾ?

ಎಲ್ಲ ದಾರಿ ನೋಡಿದ ಮೇಲೆ, ಉದ್ಯೋಗ ಸಿಗುವ ಕೋರ್ಸಿಗೆ ಮಾತ್ರ. 4 ಲಕ್ಷದವರೆಗೆ ಆಸ್ತಿ ಅಡಮಾನ ಬೇಡ, ಅಪ್ಪ ಅಥವಾ ಅಮ್ಮ ಜಂಟಿಯಾಗಿ ಸಹಿ ಹಾಕಿದರೆ ಸಾಕು. ಕೋರ್ಸು ಮುಗಿದು ಒಂದು ವರ್ಷದ ಮೇಲೆ ಕಂತು ಶುರು. ಶಿಕ್ಷಣ ಸಾಲದ ವಿದ್ಯಾಲಕ್ಷ್ಮಿ ಪೋರ್ಟಲ್ ಮೂಲಕ ಅರ್ಜಿ ಹಾಕಿದರೆ ಅದಕ್ಕೊಂದು ದಾಖಲೆ ಇರುತ್ತದೆ, ಬ್ಯಾಂಕಿನವರು ‘ನಾಳೆ ಬಾ’ ಅನ್ನುವುದು ಕಡಿಮೆಯಾಗುತ್ತದೆ. ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳ ‘ಅರಿವು’ ಸಾಲದ ಬಡ್ಡಿ ಕಡಿಮೆ, ಮೊದಲು ಅದನ್ನು ಕೇಳಿ.

ಕಾಲೇಜಿನವರು ಮೂಲ ಅಂಕಪಟ್ಟಿ ಇಟ್ಟುಕೊಂಡು ಕೊಡುತ್ತಿಲ್ಲ.

ಹಾಗೆ ಇಟ್ಟುಕೊಳ್ಳುವಂತಿಲ್ಲ ಅಂತ 2018ರಲ್ಲೇ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದೆ. ಮೂಲವನ್ನು ನೋಡಿಕೊಂಡು, ಜೆರಾಕ್ಸ್ ಇಟ್ಟುಕೊಂಡು, ವಾಪಸ್ ಕೊಡಬೇಕು. ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ. ನಮ್ಮಲ್ಲೊಬ್ಬರು ಜೊತೆಗೆ ಬರುತ್ತಾರೆ. ಇಬ್ಬರು ಹೋದರೆ ಮಾತಿನ ಧಾಟಿಯೇ ಬೇರೆ ಇರುತ್ತದೆ.

ಮಗಳಿಗೆ ಸೀಟು ಸಿಕ್ಕಿದೆ, ಫೀಸು ಕಟ್ಟಲು ಎರಡು ದಿನ ಇದೆ, ಕೈಯಲ್ಲಿ ಏನೂ ಇಲ್ಲ. ಈಗ ಏನು ಮಾಡಲಿ?

ಮೊದಲು ಯಾರ ಹತ್ತಿರವೂ ಬಡ್ಡಿಗೆ ತರಬೇಡಿ. ಸೀಟು ಹಂಚಿಕೆ ಪತ್ರ, ಮಗಳ ಆಧಾರ್, ಪಾಸ್‌ಬುಕ್, ವರಮಾನ ಪತ್ರ ಹಿಡಿದು ಇವತ್ತೇ ಸಂಜೆ ಡೈರಿ ಹತ್ತಿರ ಬನ್ನಿ. ಹಾಲು ಅಳೆಯುವ ಹೊತ್ತಿಗೆ ಸಮಿತಿಯ ಯಾರಾದರೂ ಇಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಮಗಳನ್ನೂ ಕರೆದುಕೊಂಡು ಬನ್ನಿ, ಓಟಿಪಿ ಅವಳ ಫೋನಿಗೇ ಬರುವುದು.